ಕರಾವಳಿಯ ಬಾಸೆಲ್ ಮಿಶನ್ ಸಭೆ: ಸ್ಥಾಪನೆ ಮತ್ತು ಇಂದಿನ ಸವಾಲುಗಳು

ನಮ್ಮ ಶಾಲೆ ನೂರು ವರ್ಷಗಳನ್ನು ಪೂರೈಸಿರುವ ಈ ಸಂದರ್ಭದಲ್ಲಿ, ಕಾಸರಗೋಡಿನ ನೆಲದಲ್ಲಿ ಕನ್ನಡ ವಿದ್ಯೆ ಬೇರೂರಿದ ಬಗೆಯನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ. ಐಗಳ ಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವರು, ಯಕ್ಷಗಾನದ ಪ್ರಸಂಗಗಳನ್ನು ಬಾಯಿಪಾಠ ಮಾಡಿದವರು, ಊರಿನ ಹಿರಿಯರು ಕೂಡಿ ಕಟ್ಟಿದ ಶಾಲೆಗಳಲ್ಲಿ ಕಲಿತವರು, ಎಲ್ಲರೂ ಈ ಪರಂಪರೆಗೆ ಸೇರಿದವರೇ. ಅದೇ ಪರಂಪರೆಗೆ ಕ್ರೈಸ್ತ ಸಭೆಯೂ ಸೇರುತ್ತದೆ. ನಮ್ಮದು ಮಿಶನಿನವರು ಸ್ಥಾಪಿಸಿದ ಶಾಲೆಯಲ್ಲ. ಆದರೂ ಕನ್ನಡದ ಅಚ್ಚಿನ ಪುಸ್ತಕ, ಪತ್ರಿಕೆ ಮತ್ತು ನಿಘಂಟು ಎಂಬ ಮೂರು ಸಾಧನಗಳನ್ನು ನಮ್ಮ ಪೂರ್ವಿಕರ ಕೈಗೆ ತಲುಪಿಸಿದವರಲ್ಲಿ ಬಾಸೆಲ್ ಮಿಶನಿನವರು ಪ್ರಮುಖರು. ಆ ಸಭೆ ಹೇಗೆ ಸ್ಥಾಪನೆಗೊಂಡಿತು, ಇಂದು ಯಾವ ಸವಾಲುಗಳನ್ನು ಎದುರಿಸುತ್ತಿದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಅದರ ಸವಾಲುಗಳಲ್ಲಿ ಒಂದು ನಮ್ಮ ಶಾಲೆಯ ಸವಾಲೂ ಆಗಿದೆ.

ಸಭೆ ಎಂಬ ಹೆಸರು

ಕರಾವಳಿಯಲ್ಲಿ ಕೆಥೋಲಿಕರ ಪ್ರಾರ್ಥನಾಮಂದಿರವನ್ನು ಜನರು ಇಗರ್ಜಿ ಎನ್ನುತ್ತಾರೆ. ಅದು ಪೋರ್ಚುಗೀಸರ ಮೂಲಕ ಬಂದ ಮಾತು. ಪ್ರೊಟೆಸ್ಟೆಂಟರು ತಮ್ಮ ಸಮುದಾಯವನ್ನು ‘ಸಭೆ’ ಎಂದು ಕರೆದುಕೊಂಡರು. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಬರುವ ‘ಎಕ್ಲೇಸಿಯ’ ಎಂಬ ಪದಕ್ಕೆ ಕರೆಯಲ್ಪಟ್ಟು ಕೂಡಿದ ಜನ ಎಂದು ಅರ್ಥ. ಕಟ್ಟಡಕ್ಕಿಂತ ಕೂಡಿದ ಜನರೇ ಮುಖ್ಯರೆಂಬ ಈ ಭಾವವನ್ನು ‘ಸಭೆ’ ಎಂಬ ನಮ್ಮ ಮಾತು ಸರಿಯಾಗಿ ಹಿಡಿದಿದೆ.

ಕೆಥೋಲಿಕರ ಇತಿಹಾಸ ಇದಕ್ಕಿಂತ ಬಹಳ ಹಳೆಯದು. ಮಂಗಳೂರಿನ ರೊಸಾರಿಯೊ ಇಗರ್ಜಿಯ ಮೂಲ 1568ರಷ್ಟು ಹಿಂದಕ್ಕೆ ಹೋಗುತ್ತದೆ. ಕುಂಬಳೆಯ ಸಮೀಪದ ಬೇಳದಲ್ಲಿ 1890ರಲ್ಲಿ ಸ್ಥಾಪನೆಯಾದ ವ್ಯಾಕುಲಮಾತೆಯ ದೇವಾಲಯ ನಮ್ಮ ವಾಚಕರಿಗೆ ಚಿರಪರಿಚಿತ. ಆ ಸಮುದಾಯದ ಮನೆಮಾತು ಕೊಂಕಣಿ. ಅದರ ಇತಿಹಾಸಕ್ಕೆ ಪ್ರತ್ಯೇಕ ಲೇಖನವೇ ಬೇಕಾದೀತು. ಇಲ್ಲಿ ಕನ್ನಡ ಮತ್ತು ತುಳುವಿನಲ್ಲಿ ಬೆಳೆದ ಬಾಸೆಲ್ ಮಿಶನ್ ಸಭೆಗೆ ನಮ್ಮ ವಿಷಯವನ್ನು ಸೀಮಿತಗೊಳಿಸಿದ್ದೇವೆ.

1834: ಮೂವರ ಆಗಮನ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಮಿಶನ್ ಸಂಸ್ಥೆ ಹುಟ್ಟಿತು. ಅದರಲ್ಲಿ ಸೇರಿದವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಬ್ರಿಟಿಷರಲ್ಲದ ಮಿಶನರಿಗಳಿಗೆ ಭಾರತದಲ್ಲಿ ನೆಲೆಸಲು 1833ರ ಸನದು ಶಾಸನ ಅವಕಾಶ ಮಾಡಿಕೊಟ್ಟಿತು. ಮರುವರ್ಷವೇ, ಅಂದರೆ 1834ರ ಅಕ್ಟೋಬರಿನಲ್ಲಿ, ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರನ್ನು ಸೇರಿದರು. ಅಂದು ಮಂಗಳೂರೂ ಕಾಸರಗೋಡೂ ಮದರಾಸು ಅಧಿಪತ್ಯದ ಒಂದೇ ಕೆನರಾ ಜಿಲ್ಲೆಗೆ ಸೇರಿದ್ದವು. ಗಡಿಯ ಮಾತು ಯಾರ ಮನಸ್ಸಿನಲ್ಲಿಯೂ ಇರಲಿಲ್ಲ.

ಬಂದವರ ಮೊದಲ ಕಾರ್ಯ ಭಾಷೆಯನ್ನು ಕಲಿಯುವುದಾಗಿತ್ತು. ಕನ್ನಡದಲ್ಲಿ ಆ ವೇಳೆಗಾಗಲೇ ಪೂರ್ಣ ಸತ್ಯವೇದವಿತ್ತು. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕೈಗೊಂಡ ಅನುವಾದವು 1831ರಲ್ಲಿ ಪೂರ್ಣಗೊಂಡಿತ್ತು. ಆದರೆ ಕರಾವಳಿಯ ಸಾಮಾನ್ಯ ಜನರ ಮನೆಮಾತು ತುಳು. ಆದುದರಿಂದ ಹೊಸ ಒಡಂಬಡಿಕೆಯನ್ನು ತುಳುವಿಗೂ ತಂದು, ಕನ್ನಡ ಲಿಪಿಯಲ್ಲಿ 1847ರಲ್ಲಿ ಪ್ರಕಟಿಸಿದರು. ಮುಂದೆ ಬ್ರಿಗೆಲ್ ತುಳು ವ್ಯಾಕರಣವನ್ನೂ (1872), ಮ್ಯಾನರ್ ತುಳು ನಿಘಂಟನ್ನೂ (1886) ಸಿದ್ಧಪಡಿಸಿದರು. ಇದೇ ಮಿಶನಿನ ಹೆರ್ಮನ್ ಗುಂಡರ್ಟ್ ತಲಶೇರಿಯಲ್ಲಿದ್ದು ಮಲಯಾಳಕ್ಕೆ ಸಲ್ಲಿಸಿದ ಸೇವೆಯನ್ನು ಕೇರಳೀಯರು ಇಂದಿಗೂ ನೆನೆಯುತ್ತಾರೆ. ಹೀಗೆ ಕನ್ನಡ, ತುಳು, ಮಲಯಾಳಗಳೆಂಬ ನಮ್ಮ ಊರಿನ ಮೂರು ಭಾಷೆಗಳಿಗೂ ನಿಘಂಟು ಒಂದೇ ಮನೆಯಿಂದ ಬಂದಿತು.

ಅಕ್ಷರದ ತಳಹದಿ

1836ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗ್ ಈ ಸಭೆಯ ಸ್ವರೂಪವನ್ನು ರೂಪಿಸಿದವರಲ್ಲಿ ಅಗ್ರಗಣ್ಯರು. ಮಂಗಳೂರಿನಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದಿತು. ಕನ್ನಡದ ಮೊದಲ ಪತ್ರಿಕೆ ಅದು. ಮರುವರ್ಷ ಅದರ ಮುದ್ರಣವು ಬಳ್ಳಾರಿಗೆ ಸ್ಥಳಾಂತರಗೊಂಡು ಪತ್ರಿಕೆಯ ಹೆಸರು ‘ಕನ್ನಡ ಸಮಾಚಾರ’ ಎಂದಾಯಿತು. ಕನ್ನಡ ನಾಡಿನಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ನೆನಪಿನಲ್ಲಿ.

ಮೊಗ್ಲಿಂಗ್ ಅಷ್ಟಕ್ಕೇ ನಿಲ್ಲಲಿಲ್ಲ. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ತೊರವೆ ರಾಮಾಯಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ತಾವು ಬೋಧಿಸಲು ಬಂದ ಮತಕ್ಕೆ ಸೇರದ ಕಾವ್ಯಗಳನ್ನು ಓಲೆಗರಿಗಳಿಂದ ಎತ್ತಿ ಕಾಗದಕ್ಕಿಳಿಸಲು ಅವರು ವರ್ಷಗಟ್ಟಲೆ ದುಡಿದದ್ದು ಗಮನಾರ್ಹ.

1853ರಲ್ಲಿ ಬಂದ ಫೆರ್ಡಿನಾಂಡ್ ಕಿಟೆಲ್ ಈ ಕಾರ್ಯವನ್ನು ಶಿಖರಕ್ಕೇರಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ಕ್ರಿಸ್ತನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂಬ ಹೆಸರಿನಿಂದ ಹಾಡಿದರು. ಧರ್ಮಬೋಧನೆಗಿಂತ ಭಾಷಾವ್ಯಾಸಂಗಕ್ಕೇ ಹೆಚ್ಚು ಒಲಿದವರೆಂಬ ಆಕ್ಷೇಪ ಮಿಶನಿನೊಳಗೇ ಅವರ ಮೇಲಿತ್ತು. ಅದನ್ನು ಸಹಿಸಿಕೊಂಡು, ಸ್ಥಳೀಯ ಪಂಡಿತರ ನೆರವಿನಿಂದ ಅವರು ರಚಿಸಿದ, 70,000ಕ್ಕೂ ಮಿಕ್ಕಿದ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡ ಅಧ್ಯಾಪಕರಿಗೆ ಇಂದಿಗೂ ಅದು ಆಧಾರಗ್ರಂಥ.

ಮುದ್ರಣಾಲಯದ ಜೊತೆಗೇ ಶಾಲೆಗಳೂ ಹರಡಿದವು. ಮಿಶನರಿಗಳ ಪತ್ನಿಯರು ಹೆಣ್ಣುಮಕ್ಕಳಿಗೆ ಅಕ್ಷರವನ್ನೂ ಹೊಲಿಗೆಯನ್ನೂ ಕಲಿಸಿದರು. ಕಾಸರಗೋಡು ಪೇಟೆಯಲ್ಲಿ ‘ಬಿ.ಇ.ಎಂ.’ ಎಂಬ ಮೂರಕ್ಷರಗಳನ್ನು ಹೊತ್ತ ವಿದ್ಯಾಲಯ ಇಂದಿಗೂ ಇದೆ. ಬಾಸೆಲ್ ಇವ್ಯಾಂಜೆಲಿಕಲ್ ಮಿಶನ್ ಎಂಬುದು ಅದರ ವಿಸ್ತಾರ.

ದುಡಿಮೆಯ ತಳಹದಿ

ಸಭೆಗೆ ಸೇರಿದವರ ಬದುಕು ಸುಲಭವಾಗಿರಲಿಲ್ಲ. ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಮೂರ್ತೆಯನ್ನು ಬಿಟ್ಟವನಿಗೆ ಬೇರೆ ಕಸುಬಿರಲಿಲ್ಲ. ಕುಟುಂಬದಿಂದ ಹೊರಬಿದ್ದವನಿಗೆ ಆಸ್ತಿಯಲ್ಲಿ ಪಾಲು ದೊರೆಯುವಂತೆ ಕಾನೂನು ಬಂದದ್ದು 1850ರಲ್ಲಿ. 1844ರಲ್ಲಿ ಆನಂದರಾವ್ ಕೌಂಡಿನ್ಯ ಮೊದಲಾದ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಆಯಿತು. ಮತಾಂತರದಿಂದ ಮನೆಮನೆಗಳಲ್ಲಿ ಆದ ಬಿರುಕನ್ನೂ, ಊರಿನ ದೇವರುಗಳ ಬಗ್ಗೆ ಕೆಲವು ಮಿಶನರಿಗಳು ಆಡಿದ ಕಟುವಾದ ಮಾತುಗಳನ್ನೂ ಮರೆಮಾಚಿ ಈ ಇತಿಹಾಸವನ್ನು ಬರೆಯುವುದು ನ್ಯಾಯವಲ್ಲ. ಹಾಗೆಯೇ, ಸಭೆಯೊಳಗೆ ಜಾತಿಭೇದಕ್ಕೆ ಎಡೆಯಿಲ್ಲವೆಂಬ ಕಟ್ಟುನಿಟ್ಟಿನ ನಿಯಮವನ್ನು ಅವರು ವಿಧಿಸಿದ್ದರೆಂಬುದನ್ನೂ ಮರೆಯಲಾಗದು.

ಜೀವನೋಪಾಯ ಕಳೆದುಕೊಂಡವರಿಗೆ ಉದ್ಯೋಗ ಒದಗಿಸಲು ಮಿಶನ್ ನೇಯ್ಗೆಯನ್ನೂ ಮುದ್ರಣ, ಪುಸ್ತಕದ ರಟ್ಟು ಕಟ್ಟುವ ಕೆಲಸಗಳನ್ನೂ ಆರಂಭಿಸಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ತೀರದ ಜೇಡಿಮಣ್ಣಿನಿಂದ ಹೆಂಚು ತಯಾರಿಸುವ ಕಾರ್ಖಾನೆಯನ್ನು ಸ್ಥಾಪಿಸಿದರು. ಮುಳಿಹುಲ್ಲಿನ ಮಾಡುಗಳ ನಾಡಿನಲ್ಲಿ ಮಂಗಳೂರು ಹೆಂಚು ಮನೆ, ಶಾಲೆ, ರೈಲು ನಿಲ್ದಾಣಗಳನ್ನೆಲ್ಲ ಹೊದೆಯಿತು. ಬೇರೆಬೇರೆ ಕುಲಗಳಿಂದ ಬಂದವರು ಒಂದೇ ಕಾರ್ಖಾನೆಯಲ್ಲಿ ದುಡಿದು ಒಂದೇ ಸಭೆಯವರಾದರು. ಆದರೆ ಅನ್ನವೂ ಪ್ರಾರ್ಥನೆಯೂ ಒಂದೇ ಕೈಯಿಂದ ಬಂದುದರಿಂದ ಪರಾವಲಂಬನೆಯೂ ಬೆಳೆಯಿತು.

ಆ ಅವಲಂಬನೆಯ ಪರೀಕ್ಷೆ 1914ರಲ್ಲಿ ಬಂದಿತು. ಮಹಾಯುದ್ಧ ಆರಂಭವಾದೊಡನೆ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿರಿಸಿತು. ಕಾರ್ಖಾನೆಗಳು ಮಿಶನಿನ ಕೈತಪ್ಪಿ ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಸ್ಥಳೀಯ ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು ಸಭೆಯನ್ನು ಹೊತ್ತು ನಡೆಸಿದರು. ನಮ್ಮ ದೃಷ್ಟಿಯಲ್ಲಿ ಈ ನೆಲದ ಸಭೆಯ ನಿಜವಾದ ಸ್ಥಾಪನೆ ಆದದ್ದು ಆಗಲೇ.

ಸ್ವಾತಂತ್ರ್ಯ ಬಂದ ಆರು ವಾರಗಳಲ್ಲಿ, 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಬೇರೆಬೇರೆ ಪಂಥಗಳು ಅದರಲ್ಲಿ ಒಂದಾದವು. ಕರಾವಳಿಯ ಬಾಸೆಲ್ ಮಿಶನ್ ಸಭೆಗಳು ಇಂದು ಅದರ ಕರ್ನಾಟಕ ದಕ್ಷಿಣ ಸಭಾಪ್ರಾಂತದಲ್ಲಿವೆ. ಇದೇ ಪರಂಪರೆಯಲ್ಲಿ ಬೆಳೆದ ಸಭಾಪಾಲಕ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದರು. ಕಾಸರಗೋಡಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ಮರುವರ್ಷ, 1949ರಲ್ಲಿ, ಕಲಬುರಗಿಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು.

ಇಂದಿನ ಸವಾಲುಗಳು

ಇಂದು ಸಭೆಯ ಮುಂದಿರುವ ಸವಾಲುಗಳು ಹಲವು. ಮೊದಲನೆಯದು ಜನರದು. ಹೆಂಚಿನ ಮಾಡಿನ ಜಾಗಕ್ಕೆ ಕಾಂಕ್ರೀಟು ಬಂದು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಸುತ್ತ ಬೆಳೆದ ಕುಟುಂಬಗಳ ಯುವಜನರು ಬೆಂಗಳೂರಿಗೂ ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದರು. ಸಣ್ಣ ಸಭೆಗಳಲ್ಲಿ ಹಿರಿಯರೇ ಉಳಿದಿದ್ದಾರೆ.

ಎರಡನೆಯದು ಸಮಾನತೆಯದು. ಜಾತಿಯಿಲ್ಲವೆಂದು ಸಾರಿದ ಕ್ರೈಸ್ತ ಸಮಾಜದಲ್ಲಿಯೂ ಸಂಬಂಧ ಬೆಳೆಸುವಾಗ ಹಳೆಯ ಕುಲದ ವಿಚಾರ ತಲೆಯೆತ್ತುವುದುಂಟು. ಇನ್ನೊಂದೆಡೆ, 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯಗಳಿಲ್ಲ. ಸ್ತ್ರೀಯರ ವಿಷಯದಲ್ಲಿ ದಕ್ಷಿಣ ಭಾರತ ಸಭೆ ಮುನ್ನಡೆದಿದೆ. 1976ರಲ್ಲಿಯೇ ಸ್ತ್ರೀಯರಿಗೆ ಗುರುದೀಕ್ಷೆ ನೀಡಿದ ಈ ಸಭೆ 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ತನ್ನ ಮೊದಲ ಮಹಿಳಾ ಬಿಷಪರನ್ನು ನೇಮಿಸಿತು. ಆದರೂ ಸಭೆಯ ಆಡಳಿತದಲ್ಲಿ ಸ್ತ್ರೀಯರ ಪಾಲು ಇನ್ನೂ ಹೆಚ್ಚಬೇಕಾಗಿದೆ.

ಮೂರನೆಯದು ನೆರೆಹೊರೆಯ ವಿಶ್ವಾಸದ್ದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಪರಿಸರದ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳು ಕರಾವಳಿಯ ಎಲ್ಲ ಸಜ್ಜನರನ್ನೂ ನೋಯಿಸಿದವು. ಒಂದೇ ಬೆಂಚಿನಲ್ಲಿ ಕುಳಿತು ಕಲಿತವರ ನಡುವೆ ಸಂಶಯ ಬೆಳೆಯದಂತೆ ನೋಡಿಕೊಳ್ಳುವುದು ಸಭೆಯ ಹೊಣೆಯಷ್ಟೇ ಶಾಲೆಯ ಹೊಣೆಯೂ ಹೌದು.

ಭಾಷೆಯ ಸವಾಲು

ನಮ್ಮ ಗಡಿನಾಡಿಗೆ ವಿಶಿಷ್ಟವಾದುದು ನಾಲ್ಕನೆಯ ಸವಾಲು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಸಭೆಯ ಆಡಳಿತ ಕೇಂದ್ರ ಮಂಗಳೂರಿನಲ್ಲಿಯೇ ಉಳಿಯಿತು. 2011ರ ಜನಗಣತಿಯಂತೆ ಕೇರಳದ ಜನಸಂಖ್ಯೆಯಲ್ಲಿ ಶೇಕಡ 18ಕ್ಕೂ ಹೆಚ್ಚು ಮಂದಿ ಕ್ರೈಸ್ತರು. ಕರ್ನಾಟಕದಲ್ಲಿ ಶೇಕಡ 2ಕ್ಕಿಂತಲೂ ಕಡಿಮೆ. ಆದರೆ ಕೇರಳದ ಕ್ರೈಸ್ತರ ಬಹುಪಾಲು ಮಲಯಾಳಿಗಳು. ಆದುದರಿಂದ ಇಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ಕ್ರೈಸ್ತರು ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು.

ಸಭೆ ಈ ನಾಡಿಗೆ ಬಂದಾಗ ಜನರ ಭಾಷೆಯಲ್ಲಿ ಓದಲು ಕಲಿಸುವುದೇ ಅದರ ಮೊದಲ ಕೆಲಸವಾಗಿತ್ತು. ಇಂದು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮಕ್ಕಳು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತಾರೆ. ಆದರೆ ಅಜ್ಜ ಅಜ್ಜಿಯರ ಕನ್ನಡ ಸತ್ಯವೇದವನ್ನೂ ಸಂಗೀತ ಪುಸ್ತಕವನ್ನೂ ಓದಲಾರರು. ತುಳುವಿನ ಸತ್ಯವೇದವೂ ಕನ್ನಡ ಲಿಪಿಯಲ್ಲಿಯೇ ಇದೆಯಲ್ಲವೇ? ಕನ್ನಡ ಲಿಪಿ ತಿಳಿಯದಿದ್ದರೆ ಎರಡು ಭಾಷೆಗಳ ಬಾಗಿಲೂ ಮುಚ್ಚುತ್ತದೆ. ಆರಾಧನೆಯನ್ನು ಮಕ್ಕಳಿಗೆ ತಿಳಿಯುವ ಭಾಷೆಗೆ ಬದಲಾಯಿಸಿದರೆ ಹಿರಿಯರು ಹೊರಗುಳಿಯುತ್ತಾರೆ. ಬದಲಾಯಿಸದಿದ್ದರೆ ಮಕ್ಕಳು ಹೊರಗುಳಿಯುತ್ತಾರೆ. ಈ ಇಕ್ಕಟ್ಟಿಗೆ ಸುಲಭ ಪರಿಹಾರವಿಲ್ಲ. ಕನ್ನಡ ಮಾಧ್ಯಮದ ತರಗತಿಗಳನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ನಮ್ಮ ಅಧ್ಯಾಪಕರಿಗೆ ಇದರ ಅನುಭವ ಹೊಸದಲ್ಲ.

ಸಂವಿಧಾನದ 30ನೆಯ ವಿಧಿ ಧಾರ್ಮಿಕ ಅಲ್ಪಸಂಖ್ಯಾತರನ್ನೂ ಭಾಷಿಕ ಅಲ್ಪಸಂಖ್ಯಾತರನ್ನೂ ಒಟ್ಟಿಗೇ ಹೆಸರಿಸಿ, ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಆದರೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಲ್ಲದಿದ್ದರೆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ನಾವು ಮಾಡಬಹುದಾದುದು

ಪ್ರತಿಯೊಂದು ಹಳೆಯ ಸಭೆಯಲ್ಲಿಯೂ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಿರುತ್ತವೆ. ಯಾರು ಎಲ್ಲಿಂದ ಬಂದರು, ಯಾವ ಕಸುಬಿನಲ್ಲಿದ್ದರು ಎಂಬುದು ಅವುಗಳಿಂದ ತಿಳಿಯುತ್ತದೆ. ನಮ್ಮಂತಹ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳೂ ಹಾಗೆಯೇ. ಮಳೆಗಾಲದ ತೇವಕ್ಕೂ ಗೆದ್ದಲಿಗೂ ಮತಭೇದವಿಲ್ಲ. ಇವನ್ನು ಓದಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಛಾಯಾಪ್ರತಿ ಮಾಡಿಸಿ, ವಿದ್ಯಾರ್ಥಿಗಳಿಂದ ನಕಲು ಮಾಡಿಸುವ ಕಾರ್ಯವನ್ನು ಶಾಲೆ ಮತ್ತು ಸಭೆಗಳು ಕೂಡಿ ಕೈಗೊಳ್ಳಬಹುದು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿಯೂ ಬಾಸೆಲ್ ನಗರದ ಪತ್ರಾಗಾರದಲ್ಲಿಯೂ ಈ ನಾಡಿನ ಹಳೆಯ ಕಾಗದಪತ್ರಗಳು ಸುರಕ್ಷಿತವಾಗಿವೆ. ಅವುಗಳನ್ನು ಓದಲು ಮುಂದಿನ ತಲೆಮಾರಿನ ಕನ್ನಡಿಗರು ಬೇಕು.

ಬಿಡುವಿನ ದಿನಗಳಲ್ಲಿ ಶಾಲೆಯ ಅಂಗಳದಲ್ಲಿ ಕನ್ನಡ ಲಿಪಿಯ ತರಗತಿಯನ್ನು ನಡೆಸಿದರೆ, ಬೇರೆ ಮಾಧ್ಯಮದಲ್ಲಿ ಓದುವ ಎಲ್ಲ ಮತಗಳ ಮಕ್ಕಳಿಗೂ ಅದು ಉಪಯುಕ್ತ. ಒಬ್ಬರಿಗೆ ಅದು ಪ್ರಸಂಗ ಪುಸ್ತಕವನ್ನು ತೆರೆದೀತು, ಇನ್ನೊಬ್ಬರಿಗೆ ಸತ್ಯವೇದವನ್ನು, ಮತ್ತೊಬ್ಬರಿಗೆ ಮನೆಯ ಹಳೆಯ ಕಾಗದವನ್ನು. ಕನ್ನಡ ಅರಿಯದೆ ಹಡಗಿನಿಂದಿಳಿದ ಪರದೇಶದವರು ಇಲ್ಲಿಯ ಪಂಡಿತರ ಮುಂದೆ ಕುಳಿತು ಅಕ್ಷರ ಕಲಿತರು. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಅದನ್ನು ಕಲಿಸುವುದು ನಮ್ಮಿಂದ ಆಗದ ಕೆಲಸವೇನಲ್ಲ. ಈ ಕಾರ್ಯಕ್ಕೆ ವಾರದಲ್ಲಿ ಒಂದು ಗಂಟೆಯನ್ನು ಕೊಡಬಲ್ಲ ಹಳೆಯ ವಿದ್ಯಾರ್ಥಿಗಳೂ ಪೋಷಕರೂ ಮುಂದೆ ಬರಬೇಕೆಂದು ಶತಮಾನೋತ್ಸವದ ಈ ಸಂಚಿಕೆಯ ಮೂಲಕ ವಿನಂತಿಸಿಕೊಳ್ಳುತ್ತೇವೆ.