ಕನ್ನಡಿಯೊಳಗಿನ ಗಂಟು

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಹೊನ್ನಾವರದಿಂದ ಗೇರುಸೊಪ್ಪಕ್ಕೆ ಹೋಗುವ ದಾರಿಯಲ್ಲಿ, ಶರಾವತಿ ದಂಡೆಗೆ ಅಂಟಿಕೊಂಡಿರುವ ಒಂದು ಸಣ್ಣ ಹಳ್ಳಿ. ನಾನು ಬಸ್ಸಿಳಿದು ಮನೆ ಮುಟ್ಟುವ ಹೊತ್ತಿಗೆ ಆಯಿ ಕಪಾಟಿನ ಕೆಳಗಿನ ಖಾನೆ ಖಾಲಿ ಮಾಡಿ, ಹಳೇ ಬೆಳ್ಳಿ ಸಾಮಾನನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ತುಂಬ್ತಾ ಇದ್ದಳು. ಮುರಿದ ಕಾಲುಂಗುರ, ಸೊಟ್ಟಗಾದ ಉದ್ಧರಣೆ, ಒಂಟಿ ಗೆಜ್ಜೆ. ಪೇಟೆ ಅಂಗಡಿಗೆ ಹಳೇದು ಕೊಟ್ಟು ಹೊಸ ತಟ್ಟೆ ತರುವ ಯೋಚನೆ. ಆ ರಾಶಿಯಲ್ಲಿ ಅಂಗೈ ಅಗಲದ ಒಂದು ಕಪ್ಪು ಡಬ್ಬಿ ಕಂಡಿತು. ಮುಚ್ಚಳ ತೆಗೆದರೆ ಒಳಬದಿಗೆ ಮಸುಕಾದ ಪುಟ್ಟ ಕನ್ನಡಿ. ಕೆಳಗೆ ಮೂರು ಗುಳಿ. ಒಂದರಲ್ಲಿ ಇನ್ನೂ ಕುಂಕುಮದ ಕೆಂಪು.

"ಅಮ್ಮಮ್ಮನ ಕುಂಕುಮದ ಕರಡಿಗೆ ಅದು. ಕರ್ರಗಾಗೋಯ್ದು ಕೂಸೆ, ಯಾರು ಬಳಸ್ತ ಈಗ?" ಅಂದಳು ಆಯಿ.

"ಇದರ ಜೊತೆ ಹಿಡಿಕೆ ಇರೋ ಒಂದು ಕನ್ನಡಿನೂ ಇತ್ತಲ್ಲ?"

"ಅದು ನಿನ್ನ ಅಕ್ಕನ ಮದುವೆಲೇ ಹೋತು. ಲೋಟ ಮಾಡ್ಸಿದ್ಯ."

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಯಾಕಂದ್ರೆ ಬೆಂಗಳೂರಿನಲ್ಲಿ ನನ್ನ ಸಂಬಳದ ಒಂದು ಪಾಲು ಹೋಗುವುದೇ ಇಂಥ ವಸ್ತುಗಳಿಗೆ. ಹಳೇ ಪೌಡರ್ ಕಾಂಪ್ಯಾಕ್ಟ್, ಬೆಳ್ಳಿ ಬೆನ್ನಿನ ಕೈಗನ್ನಡಿ, ಬ್ರಷ್ಷು ಬಾಚಣಿಗೆಯ ಸೆಟ್ಟು ಕಂಡರೆ ನಾನು ಬಿಡುವವಳಲ್ಲ. ಬರ್ಮಿಂಗ್‌ಹ್ಯಾಮಿನ ಯಾರದೋ ಅಜ್ಜಿಯ ಕನ್ನಡಿ ನನ್ನ ಮೇಜಿನ ಮೇಲಿದೆ. ನನ್ನ ಸ್ವಂತ ಅಜ್ಜಿಯದು ಲೋಟವಾಗಿ ಅಕ್ಕನ ಮನೆಯಲ್ಲಿದೆ.

ಕಾಂಪ್ಯಾಕ್ಟ್ ಅಂದರೆ ಏನು? ಪೌಡರು, ಹಚ್ಚಿಕೊಳ್ಳಲು ಒಂದು ಪಫ್, ನೋಡಿಕೊಳ್ಳಲು ಒಂದು ಕನ್ನಡಿ, ಇಷ್ಟನ್ನೂ ಕೈಚೀಲದಲ್ಲಿ ಹಿಡಿಸುವ ಡಬ್ಬಿ. ಯುರೋಪ್, ಅಮೆರಿಕಗಳಲ್ಲಿ ಇದು ಮನೆಮನೆಯ ಮಾತಾಗಿದ್ದು 1920ರ ದಶಕದಲ್ಲಿ. ಹೆಂಗಸರು ನಾಲ್ಕು ಜನರ ಎದುರೇ ಡಬ್ಬಿ ತೆರೆದು ಮೂಗಿಗೆ ಪೌಡರ್ ಹಚ್ಚಿಕೊಳ್ಳುವುದು ಆಗ ದೊಡ್ಡ ಸುದ್ದಿ. ನಮ್ಮ ಕರಡಿಗೆ ಮಾಡಿದ ಕೆಲಸವೂ ಅದೇ ಅಲ್ವಾ? ಒಂದು ಗುಳಿಯಲ್ಲಿ ಮೇಣ, ಇನ್ನೊಂದರಲ್ಲಿ ಕುಂಕುಮ, ಮತ್ತೊಂದರಲ್ಲಿ ಕಾಡಿಗೆ. ಮೇಣ ಸವರಿ, ಅದರ ಮೇಲೆ ಕುಂಕುಮ ಒತ್ತಿ, ಮುಚ್ಚಳದ ಕನ್ನಡಿಯಲ್ಲಿ ದುಂಡಗಾಯಿತಾ ಅಂತ ನೋಡಿಕೊಳ್ಳುವುದು. ಸ್ಟಿಕ್ಕರ್ ಬಿಂದಿ ಬಂದ ಮೇಲೆ ಮೇಣ ಹೋಯಿತು, ಮೇಣದ ಹಿಂದೆ ಕರಡಿಗೆಯೂ ಹೋಯಿತು.

ಕೈಗನ್ನಡಿಯ ಕತೆ ಇನ್ನೂ ಹಳೇದು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅಲ್ಲಿನ ದರ್ಪಣ ಸುಂದರಿ ಹಿಡಿದಿರುವ ದುಂಡು ಕನ್ನಡಿಯ ಜೊತೆ ಸೆಲ್ಫಿ ತೆಗೆದುಕೊಳ್ಳದವರು ಯಾರಿದ್ದಾರೆ? ಆ ಕಾಲದ ಕನ್ನಡಿ ಗಾಜಿನದ್ದಲ್ಲ, ತಿಕ್ಕಿ ತಿಕ್ಕಿ ಹೊಳಪು ಕೊಟ್ಟ ಲೋಹದ್ದು. ತಾಮ್ರಕ್ಕೆ ತವರ ಬೆರೆಸಿ ಎರಕ ಹೊಯ್ಯುವ ಆ ವಿದ್ಯೆ ಕೇರಳದ ಆರನ್ಮುಳದಲ್ಲಿ ಇವತ್ತಿಗೂ ಉಳಿದಿದೆ. ಆರನ್ಮುಳ ಕನ್ನಡಿಗೆ ಬೆರಳು ತಾಗಿಸಿ ನೋಡಿ. ಬೆರಳಿಗೂ ಅದರ ಬಿಂಬಕ್ಕೂ ನಡುವೆ ಸಂದೇ ಇರುವುದಿಲ್ಲ. ಗಾಜಿನ ಕನ್ನಡಿಯಲ್ಲಿ ಗಾಜಿನ ದಪ್ಪದಷ್ಟು ಸಂದು ಕಾಣುತ್ತದೆ, ಏಕೆಂದರೆ ಅಲ್ಲಿ ಹೊಳಪು ಇರುವುದು ಹಿಂಬದಿಗೆ.

ಈಗ ಬೆಳ್ಳಿಗೆ ಬರೋಣ. ನಮ್ಮ ಕರಾವಳಿಯಲ್ಲಿ ಬೆಳ್ಳಿ ಗಣಿ ಇಲ್ಲ. ಹಾಗಾದರೆ ಅಜ್ಜಿಯರ ಕರಡಿಗೆಗೆ ಬೆಳ್ಳಿ ಎಲ್ಲಿಂದ ಬಂತು? ಉತ್ತರ ಹಿತ್ತಲಲ್ಲಿ ಮರಕ್ಕೆ ಹಬ್ಬಿದೆ. ಕಾಳುಮೆಣಸು.

ಮೆಣಸು ಕೊಟ್ಟು ಬೆಳ್ಳಿ, ಬಂಗಾರ ತೆಗೆದುಕೊಳ್ಳುವುದು ಈ ಪಶ್ಚಿಮ ಕರಾವಳಿಯ ಎರಡು ಸಾವಿರ ವರ್ಷಗಳ ವ್ಯಾಪಾರ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ, ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಸೋರಿ ಹೋಗ್ತಿದೆ ಅಂತ ಗೋಳಾಡಿದ್ದಾನೆ. ಚೀನಾ, ಅರಬ್ ದೇಶಗಳನ್ನೂ ಸೇರಿಸಿ ಇನ್ನೊಂದು ಕಡೆ 10 ಕೋಟಿಯ ಲೆಕ್ಕ ಹೇಳಿ, ನಮ್ಮ ಶೋಕಿಗೆ, ನಮ್ಮ ಹೆಂಗಸರಿಗೆ ಇಷ್ಟು ಖರ್ಚು ಅಂತ ಷರಾ ಬರೆದಿದ್ದಾನೆ. ತಮಾಷೆ ಅಂದ್ರೆ, ಅದೇ ಪುಸ್ತಕದಲ್ಲಿ ಮನೆಗೆಲಸದ ಹುಡುಗಿಯರೂ ಈಗ ಬೆಳ್ಳಿ ಕನ್ನಡಿ ಹಿಡಿಯತೊಡಗಿದ್ದಾರೆ ಅಂತಲೂ ಹೇಳುತ್ತಾನೆ. ಮೆಣಸಿನ ಊಟ ಗಂಡಸರೂ ಮಾಡಿದ್ದರು. ಬಿಲ್ಲು ಮಾತ್ರ ಹೆಂಗಸರ ಹೆಸರಿಗೆ ಹರಿಯಿತು.

ಹದಿನಾರನೇ ಶತಮಾನದ ಹೊತ್ತಿಗೆ ಈ ವ್ಯಾಪಾರದ ನಡುಮನೆ ನಮ್ಮ ಭಟ್ಕಳ ಮತ್ತು ಹೊನ್ನಾವರ. ಶತಮಾನದ ಆರಂಭದಲ್ಲಿ ಪೋರ್ಚುಗೀಸ ದುವಾರ್ತೆ ಬಾರ್ಬೋಸಾ ಭಟ್ಕಳದಲ್ಲಿ ಬಿಕರಿಯಾಗುತ್ತಿದ್ದ ಸರಕುಗಳನ್ನು ಪಟ್ಟಿ ಮಾಡಿದ್ದಾನೆ. ಕುದುರೆಯ ಜೊತೆಗೆ ತಾಮ್ರ, ಪಾದರಸ, ಇಂಗಲೀಕ, ಹವಳ, ದಂತ. ಒಬ್ಬ ಸಂಗ್ರಾಹಕಿಯ ಕಣ್ಣಲ್ಲಿ ಈ ಪಟ್ಟಿ ಓದಿ. ತಾಮ್ರ ಲೋಹದ ಕನ್ನಡಿಗೆ, ಪಾದರಸ ಬಂಗಾರದ ಗಿಲೀಟಿಗೆ, ಇಂಗಲೀಕ ಕೆಂಪು ಬಣ್ಣಕ್ಕೆ, ದಂತ ಬಾಚಣಿಗೆಗೆ. ಇಡೀ ಡ್ರೆಸ್ಸಿಂಗ್ ಟೇಬಲ್ಲೇ ಬಂದರಿನಲ್ಲಿ ಇಳಿಯುತ್ತಿತ್ತು. ಬೆಳ್ಳಿಯೂ ನಾಣ್ಯದ ರೂಪದಲ್ಲಿ ಈ ಕರಾವಳಿಗೆ ಬರುತ್ತಿತ್ತು. ಪರ್ಷಿಯಾ ಕಡೆಯ ಲಾರಿ ಅನ್ನುವ ನಾಣ್ಯವಂತೂ ಹೇರ್‌ಪಿನ್ನಿನ ಹಾಗೆ ಮಡಚಿದ ಬೆಳ್ಳಿ ತಂತಿ. 1545ರಲ್ಲಿ ಈಗಿನ ಬೊಲಿವಿಯಾದ ಪೊಟೊಸಿಯಲ್ಲಿ ಬೆಳ್ಳಿ ಬೆಟ್ಟವೇ ಸಿಕ್ಕಿತು. ಅಲ್ಲಿನ ಬೆಳ್ಳಿ ಸ್ಪೇನ್, ಪೋರ್ಚುಗಲ್ ದಾಟಿ ಗೋವಾಕ್ಕೆ ಬಂತು, ಮೆಣಸು ಕೊಳ್ಳಲು.

ಆ ಮೆಣಸಿನ ಯಜಮಾನಿ ಗೇರುಸೊಪ್ಪದ ರಾಣಿ ಚೆನ್ನಭೈರಾದೇವಿ. ಸಾಳುವ ವಂಶದ ಜೈನ ರಾಣಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದವಳು ಅನ್ನುತ್ತಾರೆ. ಪೋರ್ಚುಗೀಸರ ಜೊತೆ ವ್ಯಾಪಾರವನ್ನೂ ಮಾಡಿದಳು, ಜಗಳವನ್ನೂ ಆಡಿದಳು. 1569ರಲ್ಲಿ ಅವರು ಹೊನ್ನಾವರದ ಕೋಟೆ ಹಿಡಿದರೂ ಮೆಣಸಿಗೆ ಅವಳ ಸೀಮೆಯ ಕಡೆಗೇ ನೋಡಬೇಕಾಗಿತ್ತು. ಅವರು ಅವಳಿಗೆ ಇಟ್ಟ ಹೆಸರು 'ರೈನಾ ದ ಪಿಮೆಂಟಾ', ಮೆಣಸಿನ ರಾಣಿ. ಕೊನೆಗೆ ಅವಳನ್ನು ಸೋಲಿಸಿದ್ದು ಪೋರ್ಚುಗೀಸರಲ್ಲ, ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ, 1606ರ ಸುಮಾರಿಗೆ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಹೊಳೆ ಮೇಲೆ ದೋಣಿಯಲ್ಲಿ ಇಲ್ಲಿಗೆ ಬಂದ. ಶರಾವತಿಯ ಚೆಲುವನ್ನು ಬಾಯಿತುಂಬಾ ಹೊಗಳಿದ. ಆದರೆ ಊರು? ಸೋತು ಇನ್ನೂ ಇಪ್ಪತ್ತು ವರ್ಷವೂ ಆಗಿಲ್ಲ, ನಗರ ಮತ್ತು ಅರಮನೆ ಬಿದ್ದು, ಮರ ಬೆಳೆದು, ಕೆಲವು ಗುಡಿಸಲು ಮಾತ್ರ ಉಳಿದಿದ್ದವು. ರಾಣಿಯ ಬಗ್ಗೆ ಅವನು ಕೇಳಿ ಬರೆದುಕೊಂಡದ್ದು ಒಂದು ಗಾಳಿಮಾತು: ಯಾರೋ ಹೊರಗಿನವನನ್ನು ಪ್ರೀತಿಸಿ, ಅವನನ್ನು ನಂಬಿ ರಾಜ್ಯ ಕಳೆದುಕೊಂಡಳಂತೆ. ಅಷ್ಟು ವರ್ಷ ಒಂದು ಬಂದರು, ಒಂದು ಹೊಳೆ, ಒಂದು ಬೆಳೆಯ ಲೆಕ್ಕ ಇಟ್ಟವಳ ಬಗ್ಗೆ ದಾರಿಹೋಕನ ಪುಸ್ತಕ ಸೇರಿದ್ದು ಈ ಮಾತು. ಪ್ಲಿನಿಯ ಬಿಲ್ಲು ಮತ್ತೆ ಹೆಂಗಸಿನ ಹೆಸರಿಗೇ.

ದೀಪಾವಳಿಯ ಮರುದಿನ ನಾನು ಗೇರುಸೊಪ್ಪಕ್ಕೆ ಹೋದೆ. ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಪ್ರತಿ ಬಾಗಿಲಿಗೂ ಒಬ್ಬ ತೀರ್ಥಂಕರ. ಯಾವ ಕಡೆಯಿಂದ ಒಳಗೆ ಬಂದರೂ ಒಂದು ಮುಖ ನಿಮ್ಮನ್ನು ನೋಡುತ್ತದೆ. ಅಲ್ಲಿ ನಿಂತಾಗ ನೆನಪಾಗಿದ್ದು ಅಷ್ಟಮಂಗಲ. ದಿಗಂಬರ ಜೈನರ ಎಂಟು ಮಂಗಳದ್ರವ್ಯಗಳಲ್ಲಿ ಭೃಂಗಾರ, ಕಲಶ, ಚಾಮರ, ಛತ್ರಗಳ ಜೊತೆ ದರ್ಪಣವೂ ಒಂದು. ಅಂದರೆ ಆ ರಾಣಿಯ ಧರ್ಮದಲ್ಲಿ ಕನ್ನಡಿ ಬರೀ ಶೋಕಿಯ ಸಾಮಾನಲ್ಲ, ಪೂಜೆಯ ಸಾಮಾನು. ನಮ್ಮ ಮನೆಗಳ ಮದುವೆಯಲ್ಲಿ ಕಳಸಗನ್ನಡಿ ಹಿಡಿಯುವುದೂ ಇದೇ ಸಾಲಿನದು.

ಆ ಬಸದಿ ಉಳಿದಿದೆ, ಯಾಕೆ? ಕಲ್ಲನ್ನು ಕರಗಿಸಲು ಆಗುವುದಿಲ್ಲ. ಬೆಳ್ಳಿಯನ್ನು ಕರಗಿಸಬಹುದು. ಸೋತವರ ಬೆಳ್ಳಿ ಗೆದ್ದವರ ನಾಣ್ಯವಾಗುತ್ತದೆ, ಅಜ್ಜಿಯ ಕನ್ನಡಿ ಮೊಮ್ಮಗಳ ಲೋಟವಾಗುತ್ತದೆ. ಯಾರೂ ಕೆಟ್ಟವರಲ್ಲ. ಬೆಳ್ಳಿ ನಮ್ಮಲ್ಲಿ ಆಪತ್ತಿನ ಹಣ. ತೋಟಕ್ಕೆ ಕೊಳೆರೋಗ ಬಂದ ವರ್ಷ ಅದು ಕರಗಲೇಬೇಕು. ಆದರೆ ತಕ್ಕಡಿ ಹೇಳುವುದು ಲೋಹದ ತೂಕ ಮಾತ್ರ. ಯಾರ ಕೈ, ಯಾವ ಹಣೆ, ಯಾವ ಮೆಣಸಿನ ಫಸಲು ಅಂತ ಅದಕ್ಕೆ ಗೊತ್ತಿಲ್ಲ.

ಈ ಲೆಕ್ಕದ ಗಲಾಟೆ ಹಳೇ ಕಾಲದ್ದು ಮಾತ್ರ ಅಂದುಕೊಳ್ಳಬೇಡಿ. ಸ್ವಾತಂತ್ರ್ಯದ ನಂತರ ವಿದೇಶಿ ಪೌಡರು, ಲಿಪ್‌ಸ್ಟಿಕ್ಕಿಗೆ ವಿದೇಶಿ ವಿನಿಮಯ ಖರ್ಚಾಗುತ್ತಿದೆ ಅನ್ನುವ ಚಿಂತೆ ಸರ್ಕಾರಕ್ಕೇ ಹತ್ತಿತ್ತು. ಅದೇ ಹೊತ್ತಿನಲ್ಲಿ, 1952ರಲ್ಲಿ, ಟಾಟಾದವರು ಲ್ಯಾಕ್ಮೆ ಶುರು ಮಾಡಿದರು. ಆ ಹೆಸರು ನಮ್ಮ ಲಕ್ಷ್ಮಿಯದೇ ಫ್ರೆಂಚ್ ರೂಪ. ಡಬ್ಬಿ ತೆರೆದರೆ ಕನ್ನಡಿ, ಕೆಳಗೆ ಪೌಡರು. ನಮ್ಮ ಕರಡಿಗೆಯ ದಾಯಾದಿ.

ನಿಮ್ಮ ಮನೆ ಕಪಾಟಿನಲ್ಲೂ ಇಂಥದ್ದೊಂದು ಇರಬಹುದು. ಅಂಗಡಿಗೆ ಒಯ್ಯುವ ಮೊದಲು ಹತ್ತು ನಿಮಿಷ ಕೊಡಿ. ಕಪ್ಪಾಗಿದೆ ಅಂದ ಮಾತ್ರಕ್ಕೆ ಹಾಳಾಗಿದೆ ಅಂತಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲಗಳ ಜೊತೆ ಸೇರಿ ಬೆಳ್ಳಿ ಕಪ್ಪಾಗುತ್ತದೆ, ಅದು ಮೇಲ್ಪದರ ಅಷ್ಟೇ. ವಿಭೂತಿ, ಹಲ್ಲುಪುಡಿ ಹಾಕಿ ಗಸಗಸ ತಿಕ್ಕಬೇಡಿ. ಸಣ್ಣ ಕೆತ್ತನೆ ಸವೆದುಹೋಗುತ್ತದೆ, ಮುಲಾಮಿನ ವಸ್ತುವಾದರೆ ಬೆಳ್ಳಿಯೇ ಹೋಗುತ್ತದೆ. ಹಿಂಬದಿಯ ಮುದ್ರೆ ನೋಡಿ. ಸಿಂಹದ ಗುರುತಿದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಅಂದರೆ 92.5 ಭಾಗ ಬೆಳ್ಳಿ. ಜೊತೆಗೆ ಲಂಗರಿದ್ದರೆ ಬರ್ಮಿಂಗ್‌ಹ್ಯಾಮ್. 'ಇಪಿಎನ್ಎಸ್' ಅಂತಿದ್ದರೆ ಬೆಳ್ಳಿಯ ಮುಲಾಮು ಮಾತ್ರ. ಜರ್ಮನ್ ಸಿಲ್ವರ್ ಅನ್ನುವುದರಲ್ಲಿ ಬೆಳ್ಳಿ ಚೂರೂ ಇಲ್ಲ, ಇರುವುದು ತಾಮ್ರ, ನಿಕ್ಕಲ್, ಸತು. ನಮ್ಮ ಊರಿನ ಕೆಲಸದ ಮೇಲೆ ಬಹಳ ಸಲ ಯಾವ ಮುದ್ರೆಯೂ ಇರುವುದಿಲ್ಲ, ಶೇಟರ ಮೇಲಿನ ನಂಬಿಕೆಯೇ ಮುದ್ರೆ.

ಇಂಗ್ಲಿಷ್ ಕೈಗನ್ನಡಿ, ಬ್ರಷ್ಷುಗಳ ಬೆನ್ನು ನೋಡಲು ದಪ್ಪ, ಆದರೆ ಬೆಳ್ಳಿ ತೆಳು ತಗಡು. ಒಳಗೆ ರಾಳದಂಥ ಭರ್ತಿ ತುಂಬಿರುತ್ತಾರೆ. ತೂಕಕ್ಕೆ ಮಾರಿದರೆ ಕೈಗೆ ಹೆಚ್ಚೇನೂ ಬರುವುದಿಲ್ಲ, ವಸ್ತು ಮಾತ್ರ ಹೋಗುತ್ತದೆ. ಮಸುಕಾದ ಕನ್ನಡಿಯನ್ನು ಕಿತ್ತು ಹೊಸದು ಹಾಕಿಸಬೇಡಿ. ಗಾಜಿಗೆ ಬೆಳ್ಳಿ ಲೇಪಿಸುವ ರಾಸಾಯನಿಕ ವಿಧಾನವನ್ನು ಜರ್ಮನಿಯ ಲೀಬಿಗ್ ಕಂಡುಹಿಡಿದಿದ್ದು 1835ರಲ್ಲಿ. ಅದಕ್ಕೂ ಮೊದಲು ತವರ ಮತ್ತು ಪಾದರಸದ ಲೇಪ. ಹಾಗಾಗಿ ಹಳೇ ಕನ್ನಡಿಯ ಬೆನ್ನೇ ಅದರ ವಯಸ್ಸಿನ ಸುಳಿವು. ಇನ್ನೊಂದು ಮಾತು: 100 ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಅವನ್ನು ನೀವಾಗಿ ವಿದೇಶಕ್ಕೆ ಕಳಿಸುವ ಹಾಗಿಲ್ಲ. ಆನ್‌ಲೈನಿನಲ್ಲಿ ಹೊರದೇಶದವರು ಒಳ್ಳೇ ಬೆಲೆ ಹೇಳಿದರೂ ಅಷ್ಟೇ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬಿಟ್ಟಿ ಸಿಗುತ್ತದೆ. ಕೇಳಿ, ಬರೆದಿಟ್ಟುಕೊಳ್ಳಿ. ಬರ್ಮಿಂಗ್‌ಹ್ಯಾಮಿನ ಕನ್ನಡಿಗೆ ಮುದ್ರೆ ಇದೆ, ವರ್ಷದ ಅಕ್ಷರವೂ ಇದೆ, ಅದನ್ನು ಹಿಡಿದವಳ ಹೆಸರು ಮಾತ್ರ ನನಗೆ ಗೊತ್ತಿಲ್ಲ. ಅಮ್ಮಮ್ಮನ ಕರಡಿಗೆಗೆ ಮುದ್ರೆ ಇಲ್ಲ, ಹೆಸರಿದೆ. ಆ ಹೆಸರು ಗೊತ್ತಿರುವ ಕೊನೆಯ ತಲೆಮಾರು ಆಯಿಯದು.

ನಮ್ಮಲ್ಲಿ ಕೈಗೆ ಸಿಗದ್ದಕ್ಕೆ ಕನ್ನಡಿಯೊಳಗಿನ ಗಂಟು ಅಂತಾರೆ. ಚೆನ್ನಭೈರಾದೇವಿ ಮುಖ ನೋಡಿಕೊಂಡ ಕನ್ನಡಿ ಹಾಗೇ, ಅದು ನಮಗೆ ಸಿಗುವುದಿಲ್ಲ. ಲೋಟವಾದ ಕನ್ನಡಿಯೂ ಸಿಗುವುದಿಲ್ಲ. ಕೈಯಲ್ಲಿದ್ದದ್ದು ಈ ಕಪ್ಪು ಡಬ್ಬಿ ಒಂದೇ.

ಆಯಿಯ ಜೊತೆ ಚೌಕಾಸಿ ಮಾಡಿದೆ. ಡಬ್ಬಿಯ ತೂಕದಷ್ಟು ಹೊಸ ಬೆಳ್ಳಿಗೆ ನಾನೇ ದುಡ್ಡು ಕೊಡ್ತೇನೆ, ತಟ್ಟೆ ತಗೋ ಅಂದೆ. "ಮನೆ ವಸ್ತುನ ಮನೆಯವರೇ ಕೊಂಡುಕೊಳ್ಳೋದು ಎಲ್ಲಿಯಾದ್ರೂ ಉಂಟೇ?" ಅಂತ ನಕ್ಕಳು. ದುಡ್ಡು ತೆಗೆದುಕೊಳ್ಳಲಿಲ್ಲ. ರಾತ್ರಿ ಊಟ ಆದ ಮೇಲೆ ಅವಳೇ ಚಿಮಣಿ ಎಣ್ಣೆ ದೀಪದ ಕಾಲದ ಕತೆ ತೆಗೆದಳು. ಬೆಳಗಿನ ಜಾವ ಅಮ್ಮಮ್ಮ ಆ ದೀಪವನ್ನು ಕರಡಿಗೆ ಪಕ್ಕ ಇಟ್ಟುಕೊಂಡು, ಮುಚ್ಚಳ ಓರೆ ಮಾಡಿ ಕುಂಕುಮ ಇಡುತ್ತಿದ್ದಳಂತೆ. ಮೆಣಸು ಕೊಯ್ಲಿನ ದಿನಗಳಲ್ಲಿ ಬೆರಳೆಲ್ಲ ಉರಿ, ಆ ಬೆರಳನ್ನು ಹಣೆಗೆ ತಾಗಿಸುವಂತಿಲ್ಲ ಅಂತ ಕಡ್ಡಿಯಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ. ನಾನು ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಹೆಸರು ಮತ್ತು ಊರು ಹಾಕಿ, ಮಡಚಿ ಖಾಲಿ ಗುಳಿಯಲ್ಲಿಟ್ಟೆ. ಕುಂಕುಮ ಇದ್ದ ಗುಳಿಯನ್ನು ಮುಟ್ಟಲಿಲ್ಲ.