ಬೀಗದ ಕೈ ಯಾರದು?

ಮದುವೆ ಮುಗಿಸಿ ಗಂಡಿನ ಮನೆಗೆ ಬಂದ ಹೊಸ ಜೋಡಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವ ಶಾಸ್ತ್ರ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಚೆನ್ನಾಗಿ ಗೊತ್ತು. ವರನ ಅಕ್ಕತಂಗಿಯರು ಹೊಸಿಲಿಗೆ ಅಡ್ಡ ನಿಂತು ‘ಗಂಡನ ಹೆಸರು ಹೇಳು’, ‘ನಿನಗೆ ಹುಟ್ಟುವ ಮಗಳನ್ನು ನಮ್ಮ ಮನೆಗೆ ಕೊಡುತ್ತೀಯಾ, ಹೇಳು’ ಎಂದು ಕಾಡಿಸುತ್ತಾರೆ. ಬಾಗಿಲು ಬಿಡುವುದಂತೂ ಖಂಡಿತ. ಅದು ಅಡ್ಡ ನಿಂತವರಿಗೂ ಗೊತ್ತು, ಹೊರಗೆ ನಿಂತವರಿಗೂ ಗೊತ್ತು. ಆದರೂ ಆ ಮಾತನ್ನು ಒಳಗೆ ಹೋಗುವವರೇ ಆಡಬೇಕು. ಅವರ ಪರವಾಗಿ ಇನ್ನೊಬ್ಬರು ಹೇಳಿದರೆ ನಡೆಯುವುದಿಲ್ಲ.

ಇಂಥದೇ ಒಂದು ತಡೆ ಕಂಪ್ಯೂಟರ್ ಆಟಗಳಲ್ಲೂ ಇದೆ. ‘ರೋಲ್ ಪ್ಲೇಯಿಂಗ್’ ಎಂದು ಕರೆಯುವ ಆಟಗಳಲ್ಲಿ ಆಡುವವರು ಒಬ್ಬ ಕಥಾನಾಯಕನ ವೇಷ ತೊಟ್ಟು ಊರೂರು ಅಲೆಯುತ್ತಾರೆ. ದಾರಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯೋ, ಗುಟ್ಟಿನ ಪದ ಕೇಳುವ ಕಂಪ್ಯೂಟರೋ ಎದುರಾಗುತ್ತದೆ. ಆಗ ದೊಡ್ಡ ಕಥೆ ಸ್ವಲ್ಪ ಹೊತ್ತು ನಿಂತು, ಪರದೆಯ ಮೇಲೆ ಬೀಗದ ಒಳಭಾಗ ಕಾಣಿಸಿಕೊಳ್ಳುತ್ತದೆ. ತಂತಿ ಆಡಿಸಿ ಅದನ್ನು ತೆಗೆದರೆ ಕಥೆ ಮುಂದೆ ಸಾಗುತ್ತದೆ. ಆಟದೊಳಗಿನ ಈ ಕಿರು ಆಟಕ್ಕೆ ‘ಮಿನಿಗೇಮ್’ ಎಂದು ಹೆಸರು. ನೋಡಲು ಇದು ಮಕ್ಕಳ ವಿನೋದ. ಆದರೆ ಇದರೊಳಗೆ ಕಥೆ ಹೇಳುವವರನ್ನೆಲ್ಲ ಕಾಡಿದ ಒಂದು ಹಳೆಯ ಪ್ರಶ್ನೆ ಅಡಗಿದೆ. ಕನ್ನಡದಲ್ಲಿ ನಾವು ಬೀಗ ತೆಗೆಯುವ ಸಾಧನವನ್ನು ಬೀಗದ ಕೈ ಎನ್ನುತ್ತೇವಲ್ಲ, ಆ ಕೈ ಯಾರದು? ಕಥೆಯೊಳಗಿನ ನಾಯಕನದೋ, ಹೊರಗೆ ಕುಳಿತವರದೋ?

ಹಲಗೂರಿನ ಪರೀಕ್ಷೆ

ಈ ಪ್ರಶ್ನೆಗೆ ನಮ್ಮ ಜನಪದರು ಎರಡು ಬಗೆಯ ಉತ್ತರ ಕೊಟ್ಟಿದ್ದಾರೆ. ಮೊದಲನೆಯದು ಮಂಟೇಸ್ವಾಮಿ ಕಾವ್ಯದಲ್ಲಿದೆ. ತಂಬೂರಿ, ಗಗ್ಗರ, ಡಕ್ಕಿ ಹಿಡಿದ ನೀಲಗಾರರು ಅಹೋರಾತ್ರಿ ಹಾಡುವ ಈ ಕಾವ್ಯದ ಊರುಗಳು ನಮ್ಮ ಕಣ್ಣೆದುರಿಗೇ ಇವೆ. ಮದ್ದೂರು ತಾಲ್ಲೂಕಿನ ನಿಡಘಟ್ಟದ ಪಾಂಚಾಳರ ಮನೆಯ ಹುಡುಗ ಕೆಂಪಾಚಾರಿ ಮಂಟೇಸ್ವಾಮಿಯ ಶಿಷ್ಯನಾಗಿ ಸಿದ್ಧಪ್ಪಾಜಿ ಎನಿಸಿಕೊಳ್ಳುತ್ತಾನೆ. ಗುರು ಅವನನ್ನು ಕಬ್ಬಿಣದ ಭಿಕ್ಷೆ ತರಲು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಕಳಿಸುತ್ತಾನೆ. ಅಲ್ಲಿನ ಕಮ್ಮಾರರು ಕಬ್ಬಿಣವೇ ಇಲ್ಲವೆಂದು ಸಾಧಿಸುತ್ತಾರೆ. ಬಂದವನಿಗೆ ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಸಿದ್ಧಪ್ಪಾಜಿ ಪವಾಡಗಳಿಂದ ಎಲ್ಲವನ್ನೂ ಗೆಲ್ಲುತ್ತಾನೆ. ಇಲ್ಲಿ ಗೆಲ್ಲುವುದು ನಾಯಕನ ಶಕ್ತಿ. ಕೇಳುವವರ ಕೆಲಸ ಹೂಂಗುಟ್ಟುವುದು, ಮರುಗುವುದು, ಬೆರಗಾಗುವುದು. ಅವರ ಜಾಣತನಕ್ಕೆ ಅಲ್ಲಿ ಕೆಲಸವಿಲ್ಲ.

ಎರಡನೆಯ ಉತ್ತರ ಒಗಟಿನದು. ಜಗಲಿಯ ಮೇಲೆ ಕುಳಿತ ಅಜ್ಜಿ ಒಗಟು ಹಾಕಿದರೆ ಬಿಡಿಸಬೇಕಾದವರು ಎದುರಿಗಿರುವ ಮಕ್ಕಳೇ. ಅಲ್ಲಿ ನಾಯಕನೆಂಬುವನೇ ಇಲ್ಲ. ಬಿಡಿಸಲಾಗದಿದ್ದರೆ ಸೋಲು ನಮ್ಮದೇ, ಬಿಡಿಸಿದರೆ ಹೆಮ್ಮೆಯೂ ನಮ್ಮದೇ.

ದಾಳದಿಂದ ಬೆರಳಿಗೆ

ಪಾತ್ರ ವಹಿಸಿ ಆಡುವ ಆಟ ಅಮೆರಿಕದಲ್ಲಿ ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಮೇಜಿನ ಮೇಲೆ. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಅಚ್ಚಾಯಿತು. ಮಾರನೆಯ ವರ್ಷ ಬಂದ ಅದರ ಪುರವಣಿ ಪುಸ್ತಕದಲ್ಲಿ ಕಳ್ಳನ ಪಾತ್ರವೊಂದು ಸೇರಿತು. ಅವನು ಬೀಗ ತೆಗೆಯಬಲ್ಲನೇ ಎಂಬುದನ್ನು ಶೇಕಡಾ ಲೆಕ್ಕದಲ್ಲಿ ದಾಳ ಹಾಕಿ ತೀರ್ಮಾನಿಸುತ್ತಿದ್ದರು. ಅನುಭವ ಬೆಳೆದಂತೆ ಆ ಶೇಕಡಾವಾರು ಏರುತ್ತಿತ್ತು. ಇದು ಹಲಗೂರಿನ ದಾರಿ: ಶಕ್ತಿ ನಾಯಕನದು, ಹೊರಗಿನವರು ದಾಳ ಉರುಳಿಸಿ ಕಾಯುವವರು.

ಕಂಪ್ಯೂಟರ್ ಬಂದ ಮೇಲೆ ಒಗಟಿನ ದಾರಿಯೂ ತೆರೆಯಿತು. 1989ರ ‘ಹಿಲ್ಸ್‌ಫಾರ್’ ಎಂಬ ಆಟದಲ್ಲಿ ಬೀಗದ ಒಳಗಿನ ಹಲ್ಲುಗಳ ಆಕಾರಕ್ಕೆ ಹೊಂದುವ ಕಡ್ಡಿಯನ್ನು ಹೊತ್ತು ಮೀರುವುದರೊಳಗೆ ಆಡುವವರೇ ಹುಡುಕಿ ಹಾಕಬೇಕಾಗಿತ್ತು. ಎರಡು ದಾರಿಗಳ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯಲ್ಲಿ. ಅದರ 2002ರ ‘ಮಾರೋವಿಂಡ್’ನಲ್ಲಿ ಬೀಗ ತೆರೆಯುವುದು ಪಾತ್ರದ ಅಂಕ ಮತ್ತು ಅದೃಷ್ಟಕ್ಕೆ ಬಿಟ್ಟದ್ದು. 2006ರ ‘ಒಬ್ಲಿವಿಯನ್’ನಲ್ಲಿ ಆಡುವವರೇ ಬೀಗದ ಗೂಟಗಳನ್ನು ಒಂದೊಂದಾಗಿ ಮೇಲೆತ್ತಿ, ಸರಿಯಾದ ಕ್ಷಣದಲ್ಲಿ ಹಿಡಿದು ನಿಲ್ಲಿಸಬೇಕು. ತಪ್ಪಿದರೆ ಕಡ್ಡಿ ಮುರಿಯುತ್ತದೆ.

ಇದರಿಂದ ಹೊಸ ತೊಡಕೊಂದು ಹುಟ್ಟಿತು. ಬೆರಳು ಚುರುಕಾಗಿರುವ ಹುಡುಗಿಯೊಬ್ಬಳು ಬೀಗದ ಗಂಧವೇ ಇಲ್ಲದ ನಾಯಕನ ಕೈಯಲ್ಲಿ ಅತಿ ಕಠಿಣ ಬೀಗವನ್ನೂ ತೆಗೆಸಬಲ್ಲಳು. ಬೆರಳು ನಡುಗುವ ಹಿರಿಯರು ಆಡಿದರೆ, ಪಳಗಿದ ಕಳ್ಳನೂ ಎಳೆಯ ಮಗುವಿನಂತೆ ತಡವರಿಸುತ್ತಾನೆ. ಹಾಗಾದರೆ ನಾಯಕನ ವಿದ್ಯೆಗೆ ಏನು ಬೆಲೆ? 2008ರ ‘ಫಾಲ್‌ಔಟ್ 3’ ಇದಕ್ಕೊಂದು ರಾಜಿಸೂತ್ರ ಹೂಡಿತು. ಬೀಗ ಸುಲಭದ್ದಾದರೆ ನಾಯಕನಿಗೆ 25 ಅಂಕ, ಸಾಧಾರಣದ್ದಾದರೆ 50, ಕಠಿಣವಾದರೆ 75, ಅತಿ ಕಠಿಣವಾದರೆ 100 ಅಂಕದ ವಿದ್ಯೆ ಇರಲೇಬೇಕು. ಅಷ್ಟಿದ್ದರೆ ಮಾತ್ರ ಕೈ ಹಾಕಲು ಅಪ್ಪಣೆ. ಆಮೇಲೆ ತೆಗೆಯುವುದು ಆಡುವವರ ಹೊಣೆ.

ನಿಜವಾದ ಬೀಗ

ಈ ಕಿರು ಆಟಗಳಲ್ಲಿ ಹಲವಕ್ಕೆ ಮಾದರಿ ಒಂದು ನಿಜವಾದ ಬೀಗ. ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ಆ ಬೀಗ ಇಂದಿಗೂ ಮನೆಬಾಗಿಲುಗಳಲ್ಲಿ ಬಳಕೆಯಲ್ಲಿದೆ. ಅದರೊಳಗೆ ಎರಡು ತುಂಡಾದ ಪುಟ್ಟ ಗೂಟಗಳ ಸಾಲೊಂದಿರುತ್ತದೆ. ಸರಿಯಾದ ಬೀಗದ ಕೈ ಹೊಕ್ಕಾಗ ಪ್ರತಿ ಗೂಟದ ಸೀಳು ಒಂದೇ ಗೆರೆಗೆ ಬಂದು ನಿಲ್ಲುತ್ತದೆ, ಉರುಳೆ ತಿರುಗುತ್ತದೆ. ತಂತಿಯಿಂದ ತೆಗೆಯುವವನು ಇದೇ ಕೆಲಸವನ್ನು ಒಂದೊಂದು ಗೂಟವಾಗಿ, ಬೆರಳಿನ ಸ್ಪರ್ಶ ನಂಬಿ ಮಾಡುತ್ತಾನೆ.

ಮಕ್ಕಳು ಇದನ್ನೆಲ್ಲ ಆಡಿ ಕಳ್ಳತನ ಕಲಿಯುವುದಿಲ್ಲವೇ ಎಂದು ಹೆತ್ತವರಿಗೆ ಅನ್ನಿಸುವುದು ಸಹಜ. ಈ ಆತಂಕವೂ ಹಳೆಯದು. ಲಂಡನ್ನಿನ ಬ್ರಾಮಾ ಕಂಪನಿ ತನ್ನ ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ತೆಗೆದವರಿಗೆ 200 ಗಿನಿ ಬಹುಮಾನವೆಂದು 1790ರಿಂದಲೂ ಸವಾಲು ಹಾಕಿತ್ತು. 1851ರ ಮಹಾ ಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್‌ಫ್ರೆಡ್ ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಅದನ್ನು ತೆಗೆದ. ಇಂಥ ಗುಟ್ಟನ್ನು ಬಯಲು ಮಾಡಬಾರದೆಂದು ಗದ್ದಲವೆದ್ದಿತು. ಕಳ್ಳರಿಗೆ ತಮ್ಮ ಕಸುಬು ಮೊದಲೇ ಗೊತ್ತು, ಗೊತ್ತಿಲ್ಲದವರು ಬೀಗ ಕೊಳ್ಳುವವರು ಎಂಬುದು ಹಾಬ್ಸ್ ಪಕ್ಷದ ವಾದ. ಕಾಲ ಅವನನ್ನೇ ಸಮರ್ಥಿಸಿತು. ದೋಷ ತಿಳಿದ ಮೇಲೆ ಬೀಗಗಳು ಸುಧಾರಿಸಿದವು.

ಗುಟ್ಟಿನ ಪದ

‘ಫಾಲ್‌ಔಟ್ 3’ರಲ್ಲಿ ಕಂಪ್ಯೂಟರಿಗೆ ಕನ್ನ ಹಾಕುವ ಕಿರು ಆಟವೂ ಇದೆ. ಅದನ್ನು ಕನ್ನಡದಲ್ಲೇ ಆಡಿ ನೋಡೋಣ. ಪರದೆಯ ಮೇಲೆ ಕಮಲ, ಕಪಟ, ಸಕಲ, ವಿಮಲ, ನಗರ ಎಂಬ ಪದಗಳಿವೆ. ಇವುಗಳಲ್ಲಿ ಒಂದೇ ಗುಟ್ಟಿನ ಪದ. ಊಹಿಸಲು ನಾಲ್ಕೇ ಅವಕಾಶ. ನೀವು ‘ಸಕಲ’ ಎಂದಿರಿ. ಒಂದು ಅಕ್ಷರ ಅದರ ಜಾಗದಲ್ಲೇ ಸರಿ ಇದೆ ಎಂದು ಉತ್ತರ ಬಂತು. ಅಲ್ಲಿಗೆ ಕಪಟವೂ ನಗರವೂ ಬಿದ್ದುಹೋದವು, ‘ಲ’ದಲ್ಲಿ ಮುಗಿಯುವ ಕಮಲ, ವಿಮಲ ಉಳಿದವು. ‘ವಿಮಲ’ ಎಂದರೆ ಎರಡು ಸರಿ ಎಂಬ ಉತ್ತರ. ಹಾಗಾದರೆ ಗುಟ್ಟು ‘ಕಮಲ’. ಇದು 1970ರ ಸುಮಾರಿಗೆ ಮೊರ್ಡೆಕಾಯ್ ಮೇರೊವಿಟ್ಸ್ ರೂಪಿಸಿದ ‘ಮಾಸ್ಟರ್‌ಮೈಂಡ್’ ಆಟದ ತಮ್ಮ. ನಮ್ಮ ಶಾಲಾ ಮಕ್ಕಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆಡುವ ‘ಕೌಸ್ ಅಂಡ್ ಬುಲ್ಸ್’ ಕೂಡ ಇದೇ ಕುಟುಂಬದ್ದು.

ಆದರೆ ನಿಜವಾದ ಕಂಪ್ಯೂಟರ್ ಹೀಗೆ ನೆರವಾಗುವುದಿಲ್ಲ. ಪದ ಸರಿ ಅಥವಾ ತಪ್ಪು ಎನ್ನುತ್ತದೆಯೇ ಹೊರತು ಎಷ್ಟು ಅಕ್ಷರ ಸರಿ ಎಂದು ಹೇಳುವುದಿಲ್ಲ. ಅದಕ್ಕೇ ನಿಜವಾದ ವಂಚಕ ಬೀಗದ ಜತೆ ಸೆಣಸುವ ಬದಲು ಬೀಗದ ಕೈ ಇಟ್ಟುಕೊಂಡವರನ್ನೇ ಹಿಡಿಯುತ್ತಾನೆ. ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ ಎಂದು ಫೋನ್ ಮಾಡಿ ಓಟಿಪಿ ಕೇಳುವುದು ಅವನ ವಿದ್ಯೆ. ಮೇಲುಕೋಟೆಯ ವೈರಮುಡಿ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಅದನ್ನು ಹೊರತೆಗೆದು ಪೊಲೀಸ್ ಕಾವಲಿನಲ್ಲಿ ಒಯ್ಯುವುದನ್ನು ನಾವೆಲ್ಲ ಬಲ್ಲೆವು. ಅಲ್ಲಿಯೂ ಬೀಗವೊಂದನ್ನೇ ನೆಚ್ಚಿಲ್ಲ. ಹೊಣೆ ಹೊತ್ತ ಅಧಿಕಾರಿಗಳು, ನೋಡುವ ಹತ್ತಾರು ಕಣ್ಣುಗಳು ಸೇರಿ ಅದನ್ನು ಕಾಯುತ್ತವೆ. ಮಕ್ಕಳಿಗೆ ಆಟ ಕಲಿಸದ ಈ ಪಾಠವನ್ನು ಮನೆಯಲ್ಲೇ ಹೇಳಿಕೊಡಬೇಕು.

ಇನ್ನೂ ಮುಗಿಯದ ವಾದ

ಕಿರು ಆಟಕ್ಕೆ ದೊಡ್ಡ ಶತ್ರು ಅದರ ಪುನರಾವರ್ತನೆ. 2007ರ ‘ಬಯೋಶಾಕ್’ನಲ್ಲಿ ಯಂತ್ರಗಳಿಗೆ ಕನ್ನ ಹಾಕಲು ಕೊಳವೆಗಳನ್ನು ಜೋಡಿಸಿ ದ್ರವ ಹರಿಸಬೇಕು. ಮೊದಲು ಸೊಗಸೆನಿಸಿದ ಈ ಕೆಲಸ ಮತ್ತೆ ಮತ್ತೆ ಮಾಡುವಾಗ ಹಲವರಿಗೆ ಬೇಸರ ತಂದಿತು. ಒಗಟು ರುಚಿಸುವುದು ಒಮ್ಮೆ ಬಿಡಿಸುವವರೆಗೆ. ಅದೇ ಒಗಟನ್ನು ಐವತ್ತು ಸಲ ಹಾಕಿದರೆ ಮಕ್ಕಳು ಜಗಲಿಯಿಂದ ಎದ್ದು ಹೋಗುತ್ತಾರೆ.

ವಾದ ಇನ್ನೂ ತೀರಿಲ್ಲ. 2023ರಲ್ಲಿ ಒಂದು ತಿಂಗಳ ಅಂತರದಲ್ಲಿ ಎರಡು ಹೆಸರಾಂತ ಆಟಗಳು ಬಂದವು. ‘ಸ್ಟಾರ್‌ಫೀಲ್ಡ್’ನಲ್ಲಿ ಬೀಗವೆಂದರೆ ಉಂಗುರಗಳನ್ನು ತಿರುಗಿಸಿ ಹೊಂದಿಸುವ ಒಗಟು. ‘ಬಾಲ್ಡರ್ಸ್ ಗೇಟ್ 3’ ಹಳೆಯ ದಾಳಕ್ಕೇ ಮರಳಿ, ಇಪ್ಪತ್ತು ಮುಖದ ದಾಳವನ್ನು ಪರದೆಯ ಮೇಲೆ ಉರುಳಿಸಿತು. ಒಂದು ಅಜ್ಜಿಯ ಒಗಟು, ಇನ್ನೊಂದು ನೀಲಗಾರರ ಕಥೆ. ಎರಡಕ್ಕೂ ಜನ ಮನಸೋತರು.

ಮನೆಯಲ್ಲಿ ಮಕ್ಕಳು ಇಂಥ ಆಟ ಆಡುವಾಗ ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ. ಪೆಟ್ಟಿಗೆ ತೆರೆದಾಗ, ತೆಗೆದದ್ದು ನೀನೋ ನಿನ್ನ ನಾಯಕನೋ ಎಂದು ಕೇಳಿ. ಬರುವ ಉತ್ತರದಿಂದ ಆ ಆಟ ಯಾವ ಬಗೆಯದೆಂದು ನಿಮಗೇ ತಿಳಿಯುತ್ತದೆ.