ಮಾನ್ಯಖೇಟದ ಸಭೆಯಲ್ಲಿ ಮಾಂಸದ ಪ್ರಶ್ನೆ

ಮನುಷ್ಯನು ಸ್ವಭಾವತಃ ಮಾಂಸವನ್ನು ತಿನ್ನತಕ್ಕವನೋ, ಅಥವಾ ಹಸಿ ಸೊಪ್ಪು ಕಾಯಿಗಳನ್ನು ತಿಂದು ಬದುಕಲು ಹುಟ್ಟಿದವನೋ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯನ್ನು ಹಿಡಿದು ಕೆಳಗೆ ನಡೆದರೆ ಸೇಡಂ ತಾಲೂಕಿನ ಮಳಖೇಡ ಸಿಗುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಈ ಪ್ರಶ್ನೆಯು ಅಲ್ಲಿಯ ರಾಜಸಭೆಯಲ್ಲಿ ಒಂಬತ್ತನೆಯ ಶತಮಾನದಲ್ಲಿಯೇ ಚರ್ಚೆಗೆ ಬಂದಿತ್ತು. 1956ರ ನವೆಂಬರ್ 1ರ ವರೆಗೆ ತಾಂಡೂರು ತಾಲೂಕು ಮಳಖೇಡದಂತೆಯೇ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಜಹೀರಾಬಾದು, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದವು. ಆದುದರಿಂದ ಇದನ್ನು ನಮ್ಮ ಮನೆಯಂಗಳದ ಚರ್ಚೆಯೆಂದು ಕರೆಯಲು ನಮಗೆ ಸಂಕೋಚವಿಲ್ಲ.

ಚರ್ಚೆಯನ್ನು ನಡೆಸಿದವರು ಜೈನ ವೈದ್ಯರಾದ ಉಗ್ರಾದಿತ್ಯಾಚಾರ್ಯರು. ಅವರ ‘ಕಲ್ಯಾಣಕಾರಕ’ವು ಸಂಸ್ಕೃತದಲ್ಲಿರುವ ವೈದ್ಯಗ್ರಂಥ. ಮಾಂಸವನ್ನೂ ಮದ್ಯವನ್ನೂ ಬಿಟ್ಟು ಔಷಧಗಳನ್ನು ಹೇಳಿರುವುದು ಅದರ ವೈಶಿಷ್ಟ್ಯ. ಗ್ರಂಥದ ಕೊನೆಗೆ ಸೇರಿದ ಹಿತಾಹಿತ ಪ್ರಕರಣದಲ್ಲಿ, ನೃಪತುಂಗವಲ್ಲಭನ ಸಭೆಯಲ್ಲಿ ವೈದ್ಯರ ಎದುರಿಗೆ ಮಾಂಸಾಹಾರವು ನಿಷ್ಫಲವೆಂದು ವಾದಿಸಿದ ಸಂಗತಿ ಇದೆ. ಈ ನೃಪತುಂಗನು 814ರಿಂದ 878ರ ವರೆಗೆ ಆಳಿದ ಅಮೋಘವರ್ಷನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ‘ಕವಿರಾಜಮಾರ್ಗ’ ಹುಟ್ಟಿದುದೂ ಆ ಆಸ್ಥಾನದಲ್ಲಿಯೇ. ಇಲ್ಲಿ ಗಮನಿಸಬೇಕಾದ ಮಾತೊಂದುಂಟು. ಆಚಾರ್ಯರು ಕೇವಲ ಪಾಪಪುಣ್ಯದ ಮಾತಿನಿಂದ ತೃಪ್ತರಾಗಲಿಲ್ಲ. ವೈದ್ಯಶಾಸ್ತ್ರದ ನೆಲೆಯಲ್ಲಿಯೇ ನಿಂತು ವಾದಿಸಿದರು. ಹಾಗೆ ವಾದಿಸಬೇಕಾಯಿತೆಂದರೆ ಎದುರು ಪಕ್ಷವು ಬಲವಾಗಿತ್ತೆಂದೇ ಅರ್ಥ. ಕೃಶರಾದ ರೋಗಿಗಳಿಗೆ ಮಾಂಸರಸವನ್ನು ಚರಕಸಂಹಿತೆಯೇ ವಿಧಿಸಿದೆಯಲ್ಲವೆ!

ಮೂರು ಶತಮಾನ ಕಳೆಯುವುದರೊಳಗೆ, ಜಹೀರಾಬಾದಿನಿಂದ ಬಹು ದೂರವಲ್ಲದ ಕಲ್ಯಾಣದಲ್ಲಿ ಬೇರೊಂದು ಚಿತ್ರ ಕಾಣುತ್ತದೆ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಇಡ್ಡಲಿಗೆಯನ್ನು ಹೋಲುವ ಇಡ್ಡರಿಕಾ, ವಡೆ, ದೋಸೆಗಳ ಜೊತೆಗೆ ಹಂದಿಯ ಮಾಂಸ, ಮೀನು, ಆಮೆ, ಕೊನೆಗೆ ಹೊಲದ ಇಲಿಯನ್ನು ಸುಡುವ ಕ್ರಮವೂ ಬಂದಿದೆ. ಅರಮನೆಯ ಅಡುಗೆಯಿಂದ ಪ್ರಜೆಗಳ ಊಟವನ್ನು ಊಹಿಸಲಾಗದು, ನಿಜ. ಆದರೆ ಕನ್ನಡನಾಡಿನ ಊಟವೆಲ್ಲವೂ ಹಿಂದಿನಿಂದ ಒಂದೇ ಬಗೆಯದಾಗಿತ್ತೆಂಬ ಮಾತಿಗೆ ಈ ಗ್ರಂಥವೊಂದೇ ಸಾಕಾದ ಉತ್ತರ.

ಗ್ರಂಥಗಳನ್ನು ಬಿಟ್ಟು ಮಣ್ಣನ್ನು ಕೇಳೋಣ. ಸುರಪುರ ಸೀಮೆಯ ಬೂದಿಹಾಳದ ಬೂದಿದಿಬ್ಬದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ, ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ದನಗಳನ್ನು ಕೊಯ್ದು ಹಂಚುತ್ತಿದ್ದ ನೆಲಗಟ್ಟೇ ದೊರೆಯಿತು. ಅದೇ ನವಶಿಲಾಯುಗದ ಜನ ಬಳ್ಳಾರಿ ಕಡೆಯ ನೆಲೆಗಳಲ್ಲಿ ಕೊರಲೆ, ಹೆಸರು, ಹುರುಳಿಗಳನ್ನೂ ಬಳಸುತ್ತಿದ್ದುದು ಸುಟ್ಟ ಕಾಳುಗಳಿಂದ ತಿಳಿದುಬಂದಿದೆ. ಅಂದಮೇಲೆ ಎರಡೂ ಪಕ್ಷದವರು ಒಂದೇ ಒಲೆಯ ಮುಂದೆ ಕುಳಿತಿದ್ದರು!

ಇನ್ನು ಶರೀರಶಾಸ್ತ್ರದ ಮಾತು. ಚಪ್ಪಟೆಯಾದ ದವಡೆಹಲ್ಲು, ಅಡ್ಡಡ್ಡ ಆಡುವ ದವಡೆ ಇವನ್ನು ತೋರಿಸಿ ಒಬ್ಬರು ಮನುಷ್ಯನನ್ನು ಸಸ್ಯಾಹಾರಿ ಎನ್ನುತ್ತಾರೆ. ಜಠರದ ತೀಕ್ಷ್ಣ ಆಮ್ಲವನ್ನೂ, ಸಸ್ಯಗಳಲ್ಲಿ ದೊರೆಯದ ಬಿ12 ಜೀವಸತ್ವವನ್ನೂ ತೋರಿಸಿ ಇನ್ನೊಬ್ಬರು ಮಾಂಸಾಹಾರಿ ಎನ್ನುತ್ತಾರೆ. (ನಮ್ಮ ಸಸ್ಯಾಹಾರಿಗಳಿಗೆ ಆ ಜೀವಸತ್ವವನ್ನು ಒದಗಿಸುವುದು ಹಾಲು ಮೊಸರು, ಅವೂ ಪ್ರಾಣಿಜನ್ಯವೇ.) ಆದರೆ ಇಬ್ಬರೂ ಮರೆಯುವುದು ಬೆಂಕಿಯನ್ನು. ವಾನರಗಳಿಗೆ ನಾರನ್ನು ಹುಳಿಸಿ ಜೀರ್ಣಿಸಲು ದೊಡ್ಡ ಕರುಳು ವಿಸ್ತಾರವಾಗಿರುತ್ತದೆ. ಮನುಷ್ಯನಲ್ಲಿ ಅದು ಕಿರಿದು, ಸಣ್ಣ ಕರುಳೇ ಹಿರಿದು. ಮೃದುವಾದ, ಸಾರವತ್ತಾದ ಆಹಾರಕ್ಕೆ ಒಗ್ಗಿದ ದೇಹವಿದು. ತಾಂಡೂರಿನ ತೊಗರಿ 2022ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆಯಿತು. ಆದರೆ ಆ ಒಣ ಕಾಳನ್ನು ಬೇಯಿಸದೆ ತಿಂದರೆ ಅದರಲ್ಲಿರುವ ವಸ್ತುಗಳೇ ಪ್ರೋಟೀನಿನ ಪಚನವನ್ನು ತಡೆಯುತ್ತವೆ. ಜರ್ಮನಿಯಲ್ಲಿ ಹಸಿ ಆಹಾರದ ವ್ರತ ಹಿಡಿದವರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 45 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 30 ಮಂದಿಯ ಋತುಚಕ್ರ ತಪ್ಪಿತ್ತು ಅಥವಾ ನಿಂತೇ ಹೋಗಿತ್ತು. ಹಸಿಯದೇ ಸಹಜ ಎಂಬ ಪಕ್ಷವನ್ನು ನಾವು ಒಪ್ಪದಿರುವುದು ಇದಕ್ಕಾಗಿ. ಮಾಂಸವಿಲ್ಲದೆ ಮನುಷ್ಯ ಬಾಳಲಾರನೆಂಬುದನ್ನೂ ಒಪ್ಪಲಾರೆವು. ಬೇಯಿಸಿದ ಕಾಳು, ಜೋಳ, ಹಾಲುಗಳಿಂದ ತಲೆತಲಾಂತರ ಬಾಳಿದ ಮನೆಗಳು ನಮ್ಮ ಊರುಗಳಲ್ಲಿಯೇ ಇವೆ.

ಅಧ್ಯಾಪಕ ಬಂಧುಗಳಿಗೆ ಇದು ಬರಿಯ ಪಾಂಡಿತ್ಯದ ವಿಷಯವಲ್ಲ. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರಕಾರವು ಬೀದರ, ಕಲಬುರಗಿ ಮೊದಲಾದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆಯನ್ನೂ, ಒಲ್ಲದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಪಂಕ್ತಿಯಲ್ಲಿ ಮೊಟ್ಟೆಗೆ ಕೈಚಾಚಿದ ಹುಡುಗನಿಗೆ ‘ಇದು ಮನುಷ್ಯನ ಆಹಾರವಲ್ಲ’ ಎಂದಾಗಲಿ, ಒಲ್ಲೆನೆಂದ ಹುಡುಗಿಗೆ ‘ನೀನು ಬಲಹೀನಳಾಗುವೆ’ ಎಂದಾಗಲಿ ಹೇಳುವ ಅಧಿಕಾರವನ್ನು ಯಾವ ಶಾಸ್ತ್ರವೂ ನಮಗೆ ಕೊಟ್ಟಿಲ್ಲ.

ಹಸಿಯದರ ವಿಷಯವಾಗಿ ನಮ್ಮ ಹೊಲಗಳಲ್ಲಿ ಮಾಡಬೇಕಾದ ಕೆಲಸವೊಂದು ಉಳಿದಿದೆ. ರೊಟ್ಟಿಯ ಸಂಗಡ ಹಸಿಯಾಗಿಯೇ ತಿನ್ನುವ ಹಕ್ಕರಕಿ, ಬದುವಿನಲ್ಲಿ ಕಿತ್ತು ಸುಲಿದು ತಿನ್ನುವ ಸುಲಗಾಯಿ, ಬಿತ್ತದೆ ಬೆಳೆಯುವ ಹತ್ತಾರು ಸೊಪ್ಪುಗಳು ಇನ್ನೂ ಬಳಕೆಯಲ್ಲಿವೆ. ಜಹೀರಾಬಾದಿನ ಪಸ್ತಾಪುರದಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಸಿರಿಧಾನ್ಯಗಳೊಂದಿಗೆ ಇಂತಹ ಸೊಪ್ಪುಗಳ ಅರಿವನ್ನೂ ಕಾಯ್ದುಕೊಂಡು ಬಂದಿವೆ. ಅವುಗಳ ಕನ್ನಡ ಹೆಸರುಗಳನ್ನು, ಯಾವುದು ಹಸಿಯಾಗಿ ಸಲ್ಲುತ್ತದೆ, ಯಾವುದನ್ನು ಬೇಯಿಸಿ ನೀರು ಬಸಿಯಬೇಕು ಎಂಬುದರ ಸಹಿತ, ನಮ್ಮ ವಿದ್ಯಾರ್ಥಿಗಳ ಅಜ್ಜಿಯರಿಂದ ಕೇಳಿ ಊರೂರಿಗೆ ಒಂದರಂತೆ ಪಟ್ಟಿ ಬರೆಯಿಸಬೇಕೆಂದು ಮೂರೂ ತಾಲೂಕುಗಳ ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇವೆ.